ಎರೆ ಮಣ್ಣಿಗೊಂದು, ಬಂಡೆಗೊಂದು: ಹಳೆ ಮನೆಯ ವೈರಿಂಗ್ ಬದಲಿಸುವಾಗ ಅರ್ಥಿಂಗ್ ಆಯ್ಕೆ

ಕಳೆದ ವರ್ಷ ಎರಡು ಹಳೆ ಮನೆಗಳ ವೈರಿಂಗ್ ಬದಲಿಸುವ ಕೆಲಸ ಒಟ್ಟಿಗೆ ನನ್ನ ಕೈಗೆ ಬಂತು. ಒಂದು ದಾವಣಗೆರೆಯಲ್ಲಿ ನಾವೇ ಇರುವ ಮನೆ. ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುತ್ತಿದ್ದ ಜಮೀನು ಬಡಾವಣೆಯಾದ ಮೇಲೆ ಅಪ್ಪ ಕಟ್ಟಿಸಿದ್ದು. ಇನ್ನೊಂದು ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಕಡೆ ಇರುವ ಅಕ್ಕನ ಮನೆ. ಎರಡು ಊರುಗಳ ನಡುವೆ ಇರುವುದು ಸುಮಾರು 60 ಕಿಲೋಮೀಟರ್. ಆದರೆ ನೆಲದ ಗುಣ ಮಾತ್ರ ಬೇರೆ ಬೇರೆ ಸೀಮೆಯದು. ನಮ್ಮ ಹಿತ್ತಲಲ್ಲಿ ಗುದ್ದಲಿ ಹಾಕಿದರೆ ಆಳುದ್ದ ಎರೆ ಮಣ್ಣು ಬರುತ್ತದೆ. ಅಕ್ಕನ ಅಂಗಳದಲ್ಲಿ ಮೂರಡಿ ಇಳಿಯುವಷ್ಟರಲ್ಲಿ ಹಾರೆ ಠಣ್ ಎನ್ನುತ್ತದೆ.

ಕೆಲಸಕ್ಕೆ ಕಾರಣವಾದದ್ದು ಅಕ್ಕನ ಫೋನ್. ‘ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ನಿಮ್ಮ ಭಾವ ಹವಾಯಿ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತಿದ್ದಾರೆ’ ಎಂದಳು. ಆ ಕ್ಷಣವೇ ಗೀಸರ್ ಬಂದ್ ಮಾಡಿಸಿ, ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಕೊಳವೆಬಾವಿಯ ಗಡಸು ನೀರು ಗೀಸರ್‌ನ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟಿತ್ತು, ಅದರ ಹೊರಕವಚ ಬಿರಿದಿತ್ತು. ಕರೆಂಟ್ ಕಾಯಿಲ್‌ನಿಂದ ನೀರಿಗೆ, ನೀರಿನಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ, ಪೈಪಿನಿಂದ ನಲ್ಲಿಗೆ ಬರುತ್ತಿತ್ತು. ಗೀಸರ್‌ನ ಪ್ಲಗ್ಗಿನಲ್ಲಿ ಮೂರನೆಯ ತೂತು ಇತ್ತು. ಅದರ ಹಿಂದೆ ವೈರ್ ಇರಲಿಲ್ಲ. ಅಂಗಳದಲ್ಲಿ ಅರ್ಥಿಂಗ್ ಗುಂಡಿಯೂ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಲೋಹ ಹೂಳಿದ ಗುಂಡಿಯೂ ಇತ್ತು; ಅದರಿಂದ ಹೊರಟ ತಂತಿ ಮೀಟರ್ ಬೋರ್ಡಿನವರೆಗೆ ಬಂದು ಅಲ್ಲೇ ನಿಂತಿತ್ತು.

ವೈರಿಂಗ್ ಮೇಲ್ವಿಚಾರಣೆಯಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಅರ್ಥಿಂಗ್ ಎಂದರೆ ಗುಂಡಿ ಎಂದು ತಿಳಿದು ಹಣವನ್ನೆಲ್ಲ ಗುಂಡಿಗೆ ಸುರಿದ ಮನೆಗಳನ್ನು ಎಣಿಸಲಾರದಷ್ಟು ನೋಡಿದ್ದೇನೆ. ಗುಂಡಿ, ಪ್ರತಿ ಪ್ಲಗ್ಗಿಗೂ ತಲುಪುವ ಹಸಿರು ವೈರ್, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಆರ್‌ಸಿಸಿಬಿ, ಬಚ್ಚಲಿನ ಲೋಹಗಳನ್ನು ಒಂದಕ್ಕೊಂದು ಬೆಸೆಯುವ ಬಾಂಡಿಂಗ್ – ಈ ನಾಲ್ಕು ಸೇರಿ ಒಂದೇ ಸರಪಳಿ. ಒಂದು ಕೊಂಡಿ ಇಲ್ಲದಿದ್ದರೂ ಉಳಿದ ಕೊಂಡಿಗಳು ಅರ್ಧ ಕೆಲಸ ಮಾತ್ರ ಮಾಡುತ್ತವೆ. ಕೈಯಲ್ಲಿರುವ ಹಣಕ್ಕೆ ಯಾವ ಕೊಂಡಿ ಮೊದಲು, ಯಾವ ಮಣ್ಣಿಗೆ ಯಾವ ಗುಂಡಿ, ಯಾವುದನ್ನು ಮುಂದಕ್ಕೆ ಹಾಕಬಹುದು, ಯಾವುದನ್ನು ಎಂದೂ ಮಾಡಬಾರದು ಎಂಬುದನ್ನು ಆ ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೇಳುತ್ತೇನೆ.

ಮಣ್ಣಿನ ಲೆಕ್ಕ

ನಮ್ಮ ಬೀದಿಗಳಲ್ಲಿ ಸಾಮಾನ್ಯವಾಗಿ ಕಂಬದಿಂದ ಮನೆಗೆ ಬರುವುದು ಎರಡೇ ತಂತಿ, ಫೇಸ್ ಮತ್ತು ನ್ಯೂಟ್ರಲ್. ಮೂರನೆಯದನ್ನು ನಾವು ನಮ್ಮ ನೆಲದಿಂದ ತರಬೇಕು. ಗೀಸರ್‌ನ ಮೈಗೆ ಫೇಸ್ ತಗಲಿದರೆ ಕರೆಂಟ್ ಹಸಿರು ವೈರಿನಲ್ಲಿ ಗುಂಡಿಗೆ ಇಳಿದು, ಮಣ್ಣಿನೊಳಗೆ ಹಾಯ್ದು, ಟ್ರಾನ್ಸ್‌ಫಾರ್ಮರಿನ ಅರ್ಥ್ ಮೂಲಕ ಹಿಂತಿರುಗುತ್ತದೆ. ಹಾಗಾಗಿ ನಿಮ್ಮ ಹಿತ್ತಲ ಮಣ್ಣು ಕೂಡ ವೈರಿಂಗ್‌ನ ಒಂದು ಭಾಗ. ಅದು ಒಳ್ಳೆಯ ತಂತಿಯೋ ಕೆಟ್ಟ ತಂತಿಯೋ ಎಂಬುದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ.

ಮೂರು ಮೀಟರ್ ಉದ್ದ, 40 ಮಿಲಿಮೀಟರ್ ದಪ್ಪದ ಒಂದು ಪೈಪನ್ನು ನೆಟ್ಟಗೆ ಹೂಳಿದ್ದೇವೆ ಎಂದುಕೊಳ್ಳಿ. ತೇವವಿರುವ ಎರೆ ಮಣ್ಣಿನ ರೋಧಕತೆಯನ್ನು, ಅಂದರೆ ಕರೆಂಟಿಗೆ ಮಣ್ಣು ಒಡ್ಡುವ ಅಡ್ಡಿಯನ್ನು, 10 ಓಮ್-ಮೀಟರ್ ಎಂದು ಹಿಡಿದರೆ ಆ ಪೈಪಿನ ಅರ್ಥ್ ರೋಧ ಸುಮಾರು 3 ಓಮ್ ಬರುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿಗೆ 100 ಎಂದು ಹಿಡಿದರೆ ಸುಮಾರು 29 ಓಮ್. ಬಂಡೆ, ಕಲ್ಲುನೆಲಕ್ಕೆ 1000 ಎಂದರೆ 290 ಓಮ್. ಪೈಪ್ ಅದೇ, ಕೂಲಿ ಅದೇ, ಫಲ ನೂರು ಪಟ್ಟು ಬೇರೆ. ದಾವಣಗೆರೆಯ ಗೆಳೆಯರ ಮನೆಯಲ್ಲಿ ಚೆನ್ನಾಗಿ ಬಂತೆಂದು ಅದೇ ಗುಂಡಿಯನ್ನು ಚಿತ್ರದುರ್ಗದ ಗುಡ್ಡದ ಬುಡದಲ್ಲಿ ತೋಡಿಸುವುದು ಏಕೆ ಸರಿಹೋಗುವುದಿಲ್ಲ ಎಂಬುದಕ್ಕೆ ಈ ಮೂರು ಅಂಕಿ ಸಾಕು.

ಈಗ ಇದನ್ನು ಎಂಸಿಬಿಯ, ಅಂದರೆ ಹೊರೆ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚಿನ, ಪಕ್ಕದಲ್ಲಿಟ್ಟು ನೋಡಿ. ಕೆಂಪು ಮಣ್ಣಿನ 29 ಓಮ್ ಗುಂಡಿಯ ಮೂಲಕ 230 ವೋಲ್ಟ್ ಹರಿಸಬಲ್ಲ ಕರೆಂಟ್ ಹೆಚ್ಚೆಂದರೆ 8 ಆಂಪಿಯರ್. ಗೀಸರ್‌ಗೆ ಹಾಕಿರುವುದು 16 ಆಂಪಿಯರ್ ಎಂಸಿಬಿ. ಎಂಟಕ್ಕೆ ಅದು ಕದಲುವುದೇ ಇಲ್ಲ. ಗೀಸರ್‌ನ ಮೈ 200 ವೋಲ್ಟಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹಾಗೆಯೇ ಇರುತ್ತದೆ, ಗುಂಡಿಯ ಮಣ್ಣು ಕಾದು ಒಣಗುತ್ತದೆ, ಬಿಲ್ ಏರುತ್ತದೆ. ನಮ್ಮ ಎರೆ ಮಣ್ಣಿನ 3 ಓಮ್ ಗುಂಡಿಯಲ್ಲಿ ಕೂಡ ಹರಿಯುವುದು 77 ಆಂಪಿಯರ್. 16 ಆಂಪಿಯರಿನ ಸಿ ಬಗೆಯ ಎಂಸಿಬಿ ತಕ್ಷಣ ಬೀಳುತ್ತದೆ ಎಂಬ ಖಾತರಿ ಸಿಗುವುದು ಹತ್ತು ಪಟ್ಟಿಗೆ, ಅಂದರೆ 160 ಆಂಪಿಯರಿಗೆ. ಅದಕ್ಕಿಂತ ಕಡಿಮೆ ಇದ್ದರೆ ಒಳಗಿನ ಪಟ್ಟಿ ಬಿಸಿಯಾಗಿ ಬಾಗುವವರೆಗೆ ಕಾಯಬೇಕು. ನಲ್ಲಿ ಹಿಡಿದವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಆದ್ದರಿಂದ ಎಂಥ ಗುಂಡಿ ತೋಡಿಸಬೇಕು ಎಂದು ಕೇಳುವವರಿಗೆ ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ?

ಎಂಸಿಬಿ ಸಾಕೇ, ಆರ್‌ಸಿಸಿಬಿ ಬೇಕೇ?

ಎಂಸಿಬಿ ಕಾಯುವುದು ವೈರನ್ನು. ಹೆಚ್ಚು ಹೊರೆಯಾದಾಗ, ಫೇಸ್-ನ್ಯೂಟ್ರಲ್ ಸೇರಿ ಶಾರ್ಟ್ ಆದಾಗ ಅದು ಬೀಳುತ್ತದೆ. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಕಡಿಯುತ್ತದೆ. ಸೋರಿಕೆ ಅದರ ಐದು ಪಟ್ಟಾದರೆ 40 ಮಿಲಿಸೆಕೆಂಡ್ ಒಳಗೆ. ಹತ್ತು ಮಿಲಿ ಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ, ಮೂವತ್ತು ದಾಟಿ ಮುಂದುವರಿದರೆ ಉಸಿರು, ಎದೆಬಡಿತ ಎರಡಕ್ಕೂ ಅಪಾಯ. ಮನೆಗಳಿಗೆ 30ರದೇ ಬೇಕು ಎನ್ನುವುದು ಈ ಕಾರಣಕ್ಕೆ.

ಇದರ ದೊಡ್ಡ ಗುಣವೆಂದರೆ ಕೆಟ್ಟ ಮಣ್ಣನ್ನೂ ಅದು ಸಹಿಸುತ್ತದೆ. ಬಂಡೆಯ 290 ಓಮ್ ಗುಂಡಿಯಲ್ಲೂ 230 ವೋಲ್ಟಿಗೆ 800 ಮಿಲಿ ಆಂಪಿಯರಿನಷ್ಟು ಹರಿಯುತ್ತದೆ. ಆರ್‌ಸಿಸಿಬಿಗೆ ಬೇಕಿರುವುದು ಅದರಲ್ಲಿ ಇಪ್ಪತ್ತೈದನೆಯ ಒಂದು ಪಾಲು ಮಾತ್ರ. ಲೆಕ್ಕದ ಪ್ರಕಾರ 1600 ಓಮ್‌ವರೆಗೂ ಅದು ಮುಟ್ಟುವ ವೋಲ್ಟೇಜನ್ನು 50ರ ಒಳಗೆ ಹಿಡಿಯುತ್ತದೆ. ಆದರೂ ಗುಂಡಿಯ ರೋಧ 200 ಓಮ್ ದಾಟಿದರೆ ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ 200 ಇದ್ದದ್ದು ಏಪ್ರಿಲ್ ಬಿಸಿಲಿಗೆ ಎಲ್ಲಿಗೆ ಮುಟ್ಟುತ್ತದೆ ಎಂದು ಹೇಳಲು ಬರುವುದಿಲ್ಲ.

ಅಂಗಡಿಯಲ್ಲಿ ಎದುರಾಗುವ ಆಯ್ಕೆಗಳಲ್ಲಿ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. 100 ಅಥವಾ 300 ಮಿಲಿ ಆಂಪಿಯರಿನದು ಬೆಂಕಿಯಿಂದ ಕಟ್ಟಡ ಕಾಯಲು; ‘ಮೂವತ್ತರದು ಪದೇ ಪದೇ ಬೀಳುತ್ತದೆ, ನೂರರದು ಹಾಕಿಬಿಡಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಬೀಳುವ ಕಾರಣ ಹುಡುಕಿಸಿ. ಎಸಿ ಬಗೆ, ಎ ಬಗೆ ಎಂದು ಎರಡಿವೆ. ಇನ್ವರ್ಟರ್ ಬಗೆಯ ಏರ್ ಕಂಡೀಷನರ್, ಹೊಸ ವಾಷಿಂಗ್ ಮೆಷಿನ್ ಇರುವ ಮನೆಗೆ ಎ ಬಗೆಯೇ ಸರಿ, ಏಕೆಂದರೆ ಅವುಗಳ ಒಳಗಿನ ಎಲೆಕ್ಟ್ರಾನಿಕ್ ಸೋರಿಕೆಯನ್ನು ಎಸಿ ಬಗೆ ಕಾಣದೆ ಹೋಗಬಹುದು. ಆರ್‌ಸಿಬಿಒ ಎಂಬುದು ಎಂಸಿಬಿ ಮತ್ತು ಆರ್‌ಸಿಸಿಬಿ ಒಂದೇ ಡಬ್ಬಿಯಲ್ಲಿ ಸೇರಿದ್ದು, ಬೆಲೆ ಹೆಚ್ಚು. ಡಬ್ಬಿಯ ಮೇಲೆ ಐಎಸ್ 12640 ಎಂಬ ಸಂಖ್ಯೆ, ಐಎಸ್‌ಐ ಗುರುತು ನೋಡಿಕೊಳ್ಳಿ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿಯೇ ಅಥವಾ ಹಂಚಿ ಎರಡೇ? ಒಂದೇ ಇದ್ದರೆ ಅಗ್ಗ. ಆದರೆ ರಾತ್ರಿ ಮೋಟಾರ್ ಸೋರಿದರೆ ಇಡೀ ಮನೆ ಕತ್ತಲು. ಆಗ ಮನೆಯವರು ಸಿಟ್ಟಿನಲ್ಲಿ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುತ್ತಾರೆ. ಹಾಗೆ ಬೈಪಾಸ್ ಆಗಿ ಗೋಡೆಯಲ್ಲಿ ಸುಮ್ಮನೆ ಕೂತ ಆರ್‌ಸಿಸಿಬಿಗಳನ್ನು ಬಹಳ ಕಂಡಿದ್ದೇನೆ, ಕಂಡಾಗಲೆಲ್ಲ ಹೊಟ್ಟೆ ಉರಿದಿದೆ. ನೀರಿನ ಸಂಗದ ಸಾಲುಗಳಿಗೆ ಒಂದು, ಅಂದರೆ ಗೀಸರ್, ವಾಷಿಂಗ್ ಮೆಷಿನ್, ಅಡುಗೆಮನೆ, ಮೋಟಾರಿಗೆ. ದೀಪ, ಫ್ಯಾನ್, ಉಳಿದ ಪ್ಲಗ್ಗುಗಳಿಗೆ ಇನ್ನೊಂದು. ಎರಡೂ ಮನೆಗಳಿಗೆ ನಾನು ಆರಿಸಿದ್ದು ಇದನ್ನೇ.

ಆರ್‌ಸಿಸಿಬಿಗೂ ಒಂದು ಮಿತಿಯಿದೆ. ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೆ ನೀವೂ ಒಂದು ಬಲ್ಬಿನಂತೆಯೇ ಕಾಣುತ್ತೀರಿ. ಬೋರ್ಡ್ ಬಿಚ್ಚುವ ಮೊದಲು ಮೇನ್ ತೆಗೆಯುವ ಅಭ್ಯಾಸವನ್ನು ಯಾವ ಉಪಕರಣವೂ ಬೇಡವಾಗಿಸುವುದಿಲ್ಲ.

ಯಾವ ಗುಂಡಿ?

ಮೊದಲು ಎಲ್ಲ ಬಗೆಗೂ ಅನ್ವಯಿಸುವ ಮಾತು. ಗುಂಡಿ ಮನೆಯ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್, ಅಂದರೆ ಐದಡಿ ದೂರವಿರಬೇಕು ಎಂದು ಅರ್ಥಿಂಗ್‌ನ ಭಾರತೀಯ ಮಾನಕವಾದ ಐಎಸ್ 3043 ಹೇಳುತ್ತದೆ. 30×40 ನಿವೇಶನದಲ್ಲಿ ಮೂರಡಿ ಓಣಿ ಬಿಟ್ಟು ಕಟ್ಟಿದವರಿಗೆ ಇದು ಕಷ್ಟ. ಸಾಮಾನ್ಯವಾಗಿ ಗೇಟಿನ ಪಕ್ಕದ ಮೂಲೆಯೊಂದೇ ಉಳಿಯುತ್ತದೆ. ಅಲ್ಲಿ ಕಾರು ನಿಲ್ಲುವುದಿದ್ದರೆ ಗಟ್ಟಿ ಮುಚ್ಚಳದ ಚಿಕ್ಕ ಕಟ್ಟೆ ಕಟ್ಟಿಸಿ. ಮೇಲೆ ಟೈಲ್ಸ್ ಹಾಕಿ ಮುಚ್ಚಬೇಡಿ. ಕಣ್ಣಿಗೆ ಕಾಣದ ಗುಂಡಿಗೆ ನೀರು ಹಾಕುವವರಿಲ್ಲ, ಅದರ ಬೋಲ್ಟ್ ತುಕ್ಕು ಹಿಡಿದದ್ದು ತಿಳಿಯುವುದೂ ಇಲ್ಲ.

ಜಿಐ ಪೈಪ್, ಇದ್ದಿಲು, ಉಪ್ಪು. ಇದು ನಮ್ಮ ಕಡೆಯ ಹಳೆಯ ಪದ್ಧತಿ. ಒಳವ್ಯಾಸ 38 ಮಿಲಿಮೀಟರಿಗೆ ಕಡಿಮೆಯಿಲ್ಲದ, ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಪೈಪು, ಸುತ್ತ ಪದರ ಪದರವಾಗಿ ಇದ್ದಿಲು ಮತ್ತು ಉಪ್ಪು, ಮೇಲೊಂದು ಆಲಿಕೆ. ಎರೆ ಮಣ್ಣಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಉಪ್ಪಿನ ದೋಷವೆಂದರೆ ಅದು ಪೈಪನ್ನೇ ತಿನ್ನುತ್ತದೆ, ಮಳೆನೀರಿನೊಂದಿಗೆ ಕರಗಿ ಹೋಗುತ್ತದೆ. ಎರೆ ಮಣ್ಣಿರುವಲ್ಲಿ ನಾನು ಉಪ್ಪು ಹಾಕಿಸುವುದಿಲ್ಲ, ಆ ಮಣ್ಣಿಗೆ ಅದರ ಅಗತ್ಯವೂ ಇಲ್ಲ. ಎರೆಯ ತೊಂದರೆ ಬೇರೆಯೇ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದನ್ನು ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ. ಅದೇ ಬಿರುಕು ಪೈಪಿನ ಸುತ್ತಲೂ ಏಳುತ್ತದೆ, ಮಣ್ಣು ಪೈಪನ್ನು ಬಿಟ್ಟು ಸರಿಯುತ್ತದೆ. ಅದಕ್ಕೆ ನಮ್ಮ ಮನೆಗೆ ಮೂರು ಮೀಟರ್ ಪೈಪನ್ನು ಬಿರುಕಿನ ಆಳಕ್ಕಿಂತ ಸಾಕಷ್ಟು ಕೆಳಗೆ ಇಳಿಸಿ, ಬಚ್ಚಲಿನ ನೀರು ಹರಿಯುವ ತೆಂಗಿನ ಮರದ ಹತ್ತಿರ ಹೂಳಿಸಿದೆ. ಫೆಬ್ರವರಿಯಲ್ಲಿ ಅಳೆದಾಗ 4 ಓಮ್ ಬಂತು.

ಪ್ಲೇಟ್. 60×60 ಸೆಂಟಿಮೀಟರಿನ, ಜಿಐ ಆದರೆ 6.3 ಮಿಲಿಮೀಟರ್, ತಾಮ್ರವಾದರೆ 3.15 ಮಿಲಿಮೀಟರ್ ದಪ್ಪದ ಹಲಗೆಯನ್ನು ಅದರ ಮೇಲಂಚು ಒಂದೂವರೆ ಮೀಟರ್ ಕೆಳಗಿರುವಂತೆ ನಿಲ್ಲಿಸಿ ಹೂಳುವುದು. ತೋಡುವ ಕೂಲಿ ಹೆಚ್ಚು, ಬೋಲ್ಟ್ ಎಲ್ಲೋ ಆಳದಲ್ಲಿ, ತುಕ್ಕು ಹಿಡಿದರೆ ಮತ್ತೆ ಪೂರ್ತಿ ಅಗೆಯಬೇಕು. ಸಾಮಾನ್ಯ ಮನೆಗೆ ಇದನ್ನು ನಾನು ಸೂಚಿಸುವುದಿಲ್ಲ.

ಕೆಮಿಕಲ್ ಅರ್ಥಿಂಗ್ ಎಂದು ಮಾರುವ ರಾಡ್. ತಾಮ್ರ ಲೇಪಿಸಿದ ಅಥವಾ ಜಿಐ ರಾಡು, ಸುತ್ತಲೂ ಬೆಂಟೊನೈಟ್‌ನಂಥ ತೇವ ಹಿಡಿಯುವ ಪುಡಿ. ಉಪ್ಪು-ಇದ್ದಿಲಿಗಿಂತ ಬಾಳಿಕೆ ಹೆಚ್ಚು, ಪದೇ ಪದೇ ನೀರು ಹಾಕುವ ಹೊಣೆ ಕಡಿಮೆ. ಕೆಂಪು ಮಣ್ಣಿಗೆ, ಮರಳು ನೆಲಕ್ಕೆ ಇದು ಕೊಟ್ಟ ಹಣಕ್ಕೆ ತಕ್ಕದ್ದು. ಎರೆ ಮಣ್ಣಿಗೆ ಮಾತ್ರ ದುಂದು. ಬೆಂಟೊನೈಟ್‌ನಲ್ಲಿ ಮುಖ್ಯವಾಗಿ ಇರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯೇ ಎರೆ ಮಣ್ಣಿನಲ್ಲೂ ಇದೆ. ಹಿತ್ತಲಲ್ಲಿ ತಾನಾಗಿ ಇರುವುದನ್ನು ಹಣ ಕೊಟ್ಟು ಚೀಲದಲ್ಲಿ ಏಕೆ ಕೊಳ್ಳಬೇಕು?

ಇಲ್ಲಿ ಒಂದು ಎಚ್ಚರ. ಅಂಗಡಿಯವರು ದಪ್ಪ ರಾಡ್ ತೋರಿಸಿ ಹೆಚ್ಚಿನ ಬೆಲೆ ಹೇಳುತ್ತಾರೆ. ದಪ್ಪವನ್ನು ಎರಡು ಪಟ್ಟು ಮಾಡಿದರೆ ರೋಧ ಇಳಿಯುವುದು ನೂರಕ್ಕೆ ಹನ್ನೆರಡು ಹದಿಮೂರರಷ್ಟು ಮಾತ್ರ. ಉದ್ದವನ್ನು ಎರಡು ಪಟ್ಟು ಮಾಡಿದರೆ ನಲವತ್ತಕ್ಕೂ ಹೆಚ್ಚು ಇಳಿಯುತ್ತದೆ. ಹಣವನ್ನು ಉದ್ದಕ್ಕೆ ಕೊಡಿ, ದಪ್ಪಕ್ಕೆ ಕೊಡಬೇಡಿ. ಆಳ ಸಿಗದಿದ್ದರೆ ಎರಡು ರಾಡುಗಳನ್ನು ಅವುಗಳ ಉದ್ದದ ಎರಡು ಪಟ್ಟು ದೂರದಲ್ಲಿ ನೆಟ್ಟು ಜೋಡಿಸಿದರೆ ರೋಧ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪಕ್ಕಪಕ್ಕದಲ್ಲೇ ನೆಟ್ಟರೆ ಎರಡನೆಯ ರಾಡಿನ ದುಡ್ಡು ಬಹುಪಾಲು ವ್ಯರ್ಥ.

ನೆಲದಡಿ ಮಲಗಿಸುವ ಪಟ್ಟಿ. ಬಂಡೆ ಮೇಲೆಯೇ ಇರುವ ಚಿತ್ರದುರ್ಗದಂಥ ಕಡೆ ನನಗೆ ಇದೇ ಒಪ್ಪಿಗೆಯಾದ ದಾರಿ. ಕೆಳಗೆ ಇಳಿಯಲು ಆಗದಿದ್ದರೆ ಅಡ್ಡಲಾಗಿ ಹೋಗಬೇಕು. 25×4 ಮಿಲಿಮೀಟರಿನ ಜಿಐ ಪಟ್ಟಿಯನ್ನು ಅರ್ಧ ಮೀಟರಿಗೆ ಕಡಿಮೆಯಿಲ್ಲದ ಆಳದ ಕಾಲುವೆಯಲ್ಲಿ, 15 ಮೀಟರಿಗೆ ಕಡಿಮೆಯಿಲ್ಲದಂತೆ ಮಲಗಿಸಬೇಕು. ಅಕ್ಕನ ಮನೆಯಲ್ಲಿ ಕಾಂಪೌಂಡಿನ ಎರಡು ಬದಿಗೆ ಎಲ್ ಆಕಾರದಲ್ಲಿ 18 ಮೀಟರ್ ಕಾಲುವೆ ತೋಡಿ, ಪಟ್ಟಿಯ ಸುತ್ತ ಬೆಂಟೊನೈಟ್ ಕಲಸಿ ತುಂಬಿ, ಮೇಲೆ ದಾಸವಾಳದ ಸಾಲು ನೆಟ್ಟೆವು. ಗಿಡಕ್ಕೆ ಹಾಕಿದ ನೀರು ಪಟ್ಟಿಗೂ ಸಿಗುತ್ತದೆ. ಹಳೆಯ ಗುಂಡಿ 310 ಓಮ್ ತೋರಿಸಿತ್ತು. ಪಟ್ಟಿ 46 ತೋರಿಸಿತು. ‘ಅಷ್ಟು ಖರ್ಚು ಮಾಡಿಯೂ ನಿಮ್ಮ ಮನೆಯಷ್ಟು ಬರಲಿಲ್ಲವಲ್ಲ’ ಎಂದು ಭಾವ ಬೇಸರಿಸಿದರು. ಆ ನೆಲದಲ್ಲಿ 46 ಒಳ್ಳೆಯ ಅಂಕಿ. ಅದನ್ನು 4ಕ್ಕೆ ಇಳಿಸಲು ಹೊರಟರೆ ಹಣ ನೀರಾಗುತ್ತದೆ, 30 ಮಿಲಿ ಆಂಪಿಯರ್ ಆರ್‌ಸಿಸಿಬಿಯ ಮುಂದೆ ಆ ಇಳಿಕೆಯಿಂದ ಸಿಗುವ ಲಾಭ ಅತ್ಯಲ್ಪ.

ಗುಂಡಿಯಿಂದ ಬೋರ್ಡಿಗೆ ಬರುವ ತಂತಿಯಲ್ಲೂ ಆಯ್ಕೆ ಇದೆ. ಸಣ್ಣ ಜಿಐ ತಂತಿ ಅಗ್ಗ, ಆದರೆ ಮಣ್ಣು ಮತ್ತು ಗಾಳಿ ಸೇರುವ ಆ ಗೇಣುದ್ದದಲ್ಲಿ ಅದು ಮೊದಲು ತುಂಡಾಗುತ್ತದೆ. 25×3 ಜಿಐ ಪಟ್ಟಿಯನ್ನು ಗೋಡೆಯವರೆಗೆ ತಂದು, ಅಲ್ಲಿಂದ ಒಳಗೆ 10 ಚದರ ಮಿಲಿಮೀಟರಿನ ತಾಮ್ರದ ಹಸಿರು ವೈರ್ ಒಯ್ಯುವುದು ನನ್ನ ರೂಢಿ. ತಾಮ್ರ ಮತ್ತು ಜಿಐ ನೇರವಾಗಿ ಮುಟ್ಟಿ ತೇವ ತಾಗಿದರೆ ಸತು ಬೇಗ ಸವೆಯುತ್ತದೆ. ವೈರಿನ ತುದಿಗೆ ತವರ ಲೇಪಿಸಿದ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ, ಜೋಡಣೆಯನ್ನು ಒಣಗಿದ ಜಾಗದಲ್ಲಿ, ಕಣ್ಣಿಗೆ ಕಾಣುವಂತೆ ಇಡಿ.

ಅಡ್ಡದಾರಿಗಳು

ಮೂರು ಅಡ್ಡದಾರಿಗಳನ್ನು ಜನ ಗುಂಡಿಗೆ ಬದಲಾಗಿ ಬಳಸುತ್ತಾರೆ. ಅವುಗಳಲ್ಲಿ ಒಂದು ಪ್ರಾಣಕ್ಕೇ ಎರವಾಗುವಂಥದ್ದು: ಪ್ಲಗ್ಗಿನ ಹಿಂದೆ ನ್ಯೂಟ್ರಲ್‌ನಿಂದ ಒಂದು ಚಿಕ್ಕ ತುಂಡು ವೈರ್ ಹಾಕಿ ಅರ್ಥ್ ತೂತಿಗೆ ಸೇರಿಸುವುದು. ಮೇಲ್ನೋಟಕ್ಕೆ ಎಲ್ಲ ಸರಿಯಾಗಿ ಕಾಣುತ್ತದೆ, ಟೆಸ್ಟರ್ ಕೂಡ ಏನೂ ಹೇಳುವುದಿಲ್ಲ. ಗಾಳಿ ಮಳೆಗೆ ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ, ಆನ್ ಆಗಿರುವ ಒಂದು ಬಲ್ಬಿನ ಮೂಲಕ ಬಂದ ಫೇಸ್ ಆ ತುಂಡು ವೈರ್ ಹಾದು ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್ ಎಲ್ಲದರ ಮೈಗೂ ಏರುತ್ತದೆ. ಯಾವ ಉಪಕರಣವೂ ಕೆಟ್ಟಿರುವುದಿಲ್ಲ, ಆದರೂ ಎಲ್ಲವೂ ಶಾಕ್ ಹೊಡೆಯುತ್ತವೆ. ಹಳೆ ಮನೆಯ ಬೋರ್ಡ್ ಬಿಚ್ಚಿದಾಗ ನಾನು ಮೊದಲು ಹುಡುಕುವುದು ಈ ತುಂಡನ್ನು. ನಮ್ಮ ಮನೆಯಲ್ಲೇ ಎರಡು ಸಿಕ್ಕವು.

ನೀರಿನ ಪೈಪಿಗೆ ಅರ್ಥ್ ಕಟ್ಟುವುದು ಹಿಂದೆ ನಡೆಯುತ್ತಿತ್ತು, ಆಗ ಬೀದಿಯಿಂದ ನಲ್ಲಿಯವರೆಗೂ ಕಬ್ಬಿಣ. ಈಗ ನಡುವೆ ಎಲ್ಲೋ ಎರಡಡಿ ಪ್ಲಾಸ್ಟಿಕ್ ಪೈಪ್ ಸೇರಿದ್ದರೂ ಆ ಅರ್ಥ್ ಅಲ್ಲಿಗೇ ಮುಗಿಯಿತು, ಉಳಿದ ಪೈಪು ಕರೆಂಟನ್ನು ಬಚ್ಚಲಿಗೆ ಹಂಚುವ ದಾರಿಯಾಗುತ್ತದೆ. ಕೊಳವೆಬಾವಿಯ ಉಕ್ಕಿನ ಕೇಸಿಂಗ್ ಮೂರನೆಯದು. ಅದು ನೆಲದೊಂದಿಗೆ ಚೆನ್ನಾಗಿ ಬೆರೆತಿರುತ್ತದೆ ನಿಜ. ಆದರೂ ಅದೊಂದನ್ನೇ ನಂಬಬೇಡಿ; ಮೋಟಾರ್ ಎತ್ತುವಾಗ ತಂತಿ ಬಿಚ್ಚಿದವರು ಮತ್ತೆ ಕಟ್ಟುವುದನ್ನು ಮರೆಯುತ್ತಾರೆ. ನಿಮ್ಮ ಸ್ವಂತ ಗುಂಡಿಯ ಜೊತೆಗೆ ಅದನ್ನೂ ಜೋಡಿಸಿ.

ಬಾಂಡಿಂಗ್ ಎಲ್ಲಿ ಬೇಕು, ಎಲ್ಲಿ ಬೇಡ

ಅರ್ಥಿಂಗ್ ಮತ್ತು ಬಾಂಡಿಂಗ್ ಒಂದೇ ಎಂದು ತಿಳಿದವರೇ ಹೆಚ್ಚು. ಅರ್ಥಿಂಗ್ ಉಪಕರಣದ ಮೈಯನ್ನು ನೆಲಕ್ಕೆ ಸೇರಿಸುತ್ತದೆ. ಬಾಂಡಿಂಗ್ ನೀವು ಏಕಕಾಲಕ್ಕೆ ಮುಟ್ಟಬಹುದಾದ ಎರಡು ಲೋಹಗಳನ್ನು ಒಂದೇ ವೋಲ್ಟೇಜಿಗೆ ತರುತ್ತದೆ. ಶಾಕ್ ಹೊಡೆಯುವುದು ವೋಲ್ಟೇಜಿನ ವ್ಯತ್ಯಾಸ. ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗದಿರುವುದು ಅದರ ಎರಡು ಕಾಲುಗಳ ನಡುವೆ ವ್ಯತ್ಯಾಸ ಇಲ್ಲದ ಕಾರಣಕ್ಕೆ. ಗೀಸರ್ ಮತ್ತು ನಲ್ಲಿ ಎರಡೂ ಒಂದೇ ತಂತಿಗೆ ಬೆಸೆದಿದ್ದರೆ, ಎರಡನ್ನೂ ಒಟ್ಟಿಗೆ ಹಿಡಿದವರ ಎದೆಯ ಮೂಲಕ ಕರೆಂಟ್ ಹಾಯಲು ಕಾರಣವೇ ಉಳಿಯುವುದಿಲ್ಲ.

ಅಕ್ಕನ ಮನೆಯಲ್ಲಿ ಎಲ್ಲವೂ ಜಿಐ ಪೈಪ್. ಅಲ್ಲಿ ಬಾಂಡಿಂಗ್ ಬಿಡುವಂತೆಯೇ ಇರಲಿಲ್ಲ. ನೀರಿನ ಪೈಪ್ ಮನೆಯೊಳಗೆ ಬರುವ ಜಾಗದಿಂದ ಮೇನ್ ಬೋರ್ಡಿನ ಅರ್ಥ್ ಪಟ್ಟಿಗೆ 6 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದೆವು. ಬಚ್ಚಲಿನೊಳಗೆ ಬಿಸಿನೀರು, ತಣ್ಣೀರು ಪೈಪುಗಳನ್ನೂ ಗೀಸರ್‌ನ ಅರ್ಥನ್ನೂ 4 ಚದರ ಮಿಲಿಮೀಟರಿನ ವೈರಿನಿಂದ ಕ್ಲಾಂಪ್ ಹಾಕಿ ಬೆಸೆದೆವು. ಕ್ಲಾಂಪ್ ಕೂರುವಲ್ಲಿ ಬಣ್ಣ, ತುಕ್ಕು ಉಜ್ಜಿ ಲೋಹ ಹೊಳೆಯುವಂತೆ ಮಾಡಿಸಬೇಕು. ಬಣ್ಣದ ಮೇಲೆ ಬಿಗಿದ ಕ್ಲಾಂಪ್ ಬರೀ ಅಲಂಕಾರ.

ನಮ್ಮ ಮನೆಯ ಪೈಪುಗಳನ್ನು ಮೊದಲೇ ಸಿಪಿವಿಸಿಗೆ ಬದಲಿಸಿದ್ದೆವು. ಪ್ಲಾಸ್ಟಿಕ್ ಪೈಪಿನ ತುದಿಯಲ್ಲಿರುವ ಒಂಟಿ ಹಿತ್ತಾಳೆ ನಲ್ಲಿಗೆ ಬಾಂಡಿಂಗ್ ಬೇಡ. ಬೇಡದ ಕಡೆ ತಂತಿ ಎಳೆದರೆ, ಬೇರೆಲ್ಲೋ ಹುಟ್ಟಿದ ದೋಷದ ವೋಲ್ಟೇಜನ್ನು ನಾವಾಗಿ ಆ ನಲ್ಲಿಗೆ ತಂದಂತಾಗುತ್ತದೆ. ಆದರೆ ಗಡಸು ನೀರು ಸ್ವತಃ ಕರೆಂಟ್ ಒಯ್ಯುತ್ತದೆ, ಪ್ಲಾಸ್ಟಿಕ್ ಪೈಪ್ ಇದೆಯೆಂದು ಗೀಸರ್‌ನ ಅರ್ಥ್ ಬಿಡುವಂತಿಲ್ಲ. ಛಾವಣಿಯ ತಗಡು, ಕಬ್ಬಿಣದ ಮೆಟ್ಟಿಲು, ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡ್, ಮೋಟಾರಿನ ಪೈಪ್ ಇವುಗಳನ್ನು ಮುಖ್ಯ ಅರ್ಥಿಗೆ ಜೋಡಿಸಿ. ಸೋಲಾರ್ ವಿದ್ಯುತ್ ಹಾಕಿಸುವವರು ತೋಡುವ ಬೇರೆ ಗುಂಡಿಗಳನ್ನೂ ನೆಲದಡಿಯಲ್ಲಿ ಮನೆಯ ಗುಂಡಿಯೊಂದಿಗೆ ಕೂಡಿಸಬೇಕು. ಒಂದೇ ಮನೆಯಲ್ಲಿ ಎರಡು ಬಿಡಿ ಅರ್ಥ್ ಇದ್ದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವೆಯೇ ವೋಲ್ಟೇಜ್ ಏಳುತ್ತದೆ.

ಪೂರ್ತಿ ವೈರಿಂಗ್ ಬದಲಿಸಬೇಕೇ?

ಹಣ ಎಲ್ಲರ ಬಳಿಯೂ ಒಂದೇ ಸಲಕ್ಕೆ ಇರುವುದಿಲ್ಲ. ಅತಿ ಕಡಿಮೆ ಖರ್ಚಿನ ದಾರಿ, ಇದ್ದ ವೈರಿಂಗ್‌ಗೆ ಆರ್‌ಸಿಸಿಬಿ ಮಾತ್ರ ಹಾಕುವುದು. ಹಸಿರು ವೈರ್ ಇಲ್ಲದ ಮನೆಯಲ್ಲೂ ಅದು ಕೆಲಸ ಮಾಡುತ್ತದೆ, ಆದರೆ ಸೋರಿದ ಕರೆಂಟ್ ಮನುಷ್ಯನ ಮೈ ಮೂಲಕ ನೆಲಕ್ಕೆ ಹೋದಾಗಲೇ ಅದಕ್ಕೆ ತಿಳಿಯುವುದು. ಒಂದು ಏಟು ತಿಂದ ಮೇಲೆ ಕಾಪಾಡುತ್ತದೆ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಆದ್ದರಿಂದ ಇದು ಈ ತಿಂಗಳು ಮಾಡಿಕೊಳ್ಳಬೇಕಾದ ಕೆಲಸ, ಇದರಲ್ಲೇ ನಿಲ್ಲಬಾರದು.

ಎರಡನೆಯದು, ಗೀಸರ್, ಅಡುಗೆಮನೆ, ವಾಷಿಂಗ್ ಮೆಷಿನ್, ಮೋಟಾರ್ ಈ ನಾಲ್ಕಕ್ಕೆ ಹೊಸ ಪೈಪಿನಲ್ಲಿ ಮೂರು ವೈರ್ ಎಳೆಯುವುದು. ಗೀಸರ್‌ಗೆ 4 ಚದರ ಮಿಲಿಮೀಟರ್ ಹಾಕಿದರೆ ಹಸಿರು ವೈರೂ ಅಷ್ಟೇ ಇರಲಿ. ಹಸಿರಿಗೆ ಸಣ್ಣದು ಸಾಕು ಎಂಬ ಉಳಿತಾಯ ಬೇಡ. ಬಾಡಿಗೆ ಮನೆಯವರಿಗೂ ಮನೆ ಒಡೆಯುವಷ್ಟು ಶಕ್ತಿ ಇಲ್ಲದವರಿಗೂ ನಾನು ಹೇಳುವುದು ಇದನ್ನೇ. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಹೊರಗಡೆ ಕೇಸಿಂಗ್ ಪಟ್ಟಿ ಹೊಡೆಸಿ.

ಪೂರ್ತಿ ಬದಲಾವಣೆ ಅನಿವಾರ್ಯವಾಗುವುದು ವೈರಿನ ಹೊದಿಕೆ ಸತ್ತಾಗ. ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರನ್ನು ಬಾಗಿಸಿದರೆ ಹೊದಿಕೆ ಪುಡಿಯಾಗುತ್ತದೆ. ಮೆಗ್ಗರ್ ಎಂಬ ಉಪಕರಣ ಹಾಕಿಸಿ 500 ವೋಲ್ಟಿನಲ್ಲಿ ಹೊದಿಕೆಯ ಇನ್ಸುಲೇಷನ್ ಅಳೆಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸಾಲಿಗೆ ತೇಪೆ ಹಚ್ಚಬೇಡಿ. ನಮ್ಮ ಮನೆಗೆ ಪೂರ್ತಿ ಬದಲಾವಣೆ ಬೇಕಾಯಿತು. ಅಕ್ಕನದಕ್ಕೆ ಎರಡನೆಯ ದಾರಿ ಸಾಕಾಯಿತು.

ಆರ್‌ಸಿಸಿಬಿ ಹಾಕಿದ ದಿನವೇ ಬೀಳತೊಡಗಿದರೆ ಗಾಬರಿಯಾಗಬೇಡಿ. ಹಳೆ ಮನೆಗಳಲ್ಲಿ ಒಂದು ಸಾಲಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿರುತ್ತದೆ. ಹೆಚ್ಚಾಗಿ ಯುಪಿಎಸ್ ಹಾಕಿದವರು ದೀಪಗಳ ಫೇಸ್ ಮಾತ್ರ ಬೇರೆ ಮಾಡಿ ನ್ಯೂಟ್ರಲ್ ಹಾಗೆಯೇ ಬಿಟ್ಟಿರುತ್ತಾರೆ. ನಮ್ಮಲ್ಲಿ ಅದನ್ನು ಬಿಡಿಸಲು ಒಂದಿಡೀ ದಿನ ಹಿಡಿಯಿತು. ಯುಪಿಎಸ್ ಸಾಲಿಗೆ ತನ್ನದೇ ನ್ಯೂಟ್ರಲ್, ಹೊರಬರುವ ಕಡೆ ತನ್ನದೇ ಆರ್‌ಸಿಸಿಬಿ ಇರಬೇಕು.

ಬಲ್ಬ್ ಉರಿದರೆ ಸಾಕೇ?

ಕೆಲಸ ಮುಗಿದ ಮೇಲೆ ಬಹುತೇಕ ಕಡೆ ನಡೆಯುವ ಪರೀಕ್ಷೆ ಇದು: ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಹಿಡಿಯುವುದು. ಉರಿಯಿತು, ಅರ್ಥಿಂಗ್ ಚೆನ್ನಾಗಿದೆ ಎಂದು ಹೇಳಿ ಕೂಲಿ ತೆಗೆದುಕೊಂಡು ಹೋಗುವುದು. 100 ವ್ಯಾಟಿನ ಹಳೆಯ ಬಲ್ಬಿನ ರೋಧವೇ 529 ಓಮ್. ಗುಂಡಿ 100 ಓಮ್ ಇದ್ದರೂ ಬಲ್ಬಿಗೆ 190 ವೋಲ್ಟಿಗಿಂತ ಹೆಚ್ಚು ಸಿಗುತ್ತದೆ, ಅದು ಚೆನ್ನಾಗಿಯೇ ಬೆಳಗುತ್ತದೆ. ಎಲ್‌ಇಡಿ ಬಲ್ಬ್ ಆದರೆ ಕೆಲವು ನೂರು ಓಮ್‌ನಲ್ಲೂ ಬೆಳಕು ಕುಂದಿದ್ದು ಕಣ್ಣಿಗೆ ಕಾಣುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಗುಂಡಿಗೆ ಹೋಗುವ ತಂತಿ ಕಡಿದಿದ್ದರೆ ಆ ಬಲ್ಬಿನ ಮೂಲಕ ಮನೆಯ ಎಲ್ಲ ಹಸಿರು ವೈರುಗಳಿಗೂ ಫೇಸ್ ಏರುತ್ತದೆ. ಪಕ್ಕದ ಕೋಣೆಯಲ್ಲಿ ಫ್ರಿಜ್ ಬಾಗಿಲು ತೆಗೆಯುತ್ತಿರುವವರಿಗೆ ಅದು ಗೊತ್ತಿರುವುದಿಲ್ಲ.

ಸರಿಯಾದ ದಾರಿ ಅರ್ಥ್ ಟೆಸ್ಟರ್. ಗುಂಡಿಯ ತಂತಿ ಬಿಚ್ಚಿ, ನೆಲಕ್ಕೆ ಎರಡು ಮೊಳೆ ಹೊಡೆದು ಅಳೆಯುತ್ತಾರೆ. ಒಳಗಿನ ಮೊಳೆ ಗುಂಡಿಯಿಂದ ಹೊರಗಿನ ಮೊಳೆಗಿರುವ ದೂರದ ಸುಮಾರು ನೂರಕ್ಕೆ 62 ಭಾಗದಲ್ಲಿರಬೇಕು, ಅಂದರೆ ಹೊರಗಿನದು 30 ಮೀಟರಿನಲ್ಲಿದ್ದರೆ ಒಳಗಿನದು ಹತ್ತೊಂಬತ್ತರ ಹತ್ತಿರ. ಪರವಾನಗಿ ಇರುವ ಗುತ್ತಿಗೆದಾರರ ಬಳಿ ಈ ಉಪಕರಣ ಇರುತ್ತದೆ. ಕೆಲಸ ಒಪ್ಪಿಸುವ ಮೊದಲೇ ಅಳತೆ ಬರೆದು ಕೊಡಬೇಕೆಂದು ಮಾತಾಡಿಕೊಳ್ಳಿ: ಗುಂಡಿಯ ಓಮ್, ಇನ್ಸುಲೇಷನ್‌ನ ಮೆಗಾಓಮ್, ಪ್ರತಿ ಪ್ಲಗ್ಗಿನ ಅರ್ಥ್ ಮೇನ್ ಬೋರ್ಡಿಗೆ ಮುಟ್ಟಿದೆಯೇ ಎಂಬುದು. ಮೂರನೆಯದನ್ನು ಜನ ಕೇಳುವುದೇ ಇಲ್ಲ, ಅಕ್ಕನ ಮನೆಯಲ್ಲಿ ಇಲ್ಲದಿದ್ದದ್ದು ಅದೇ. ಮೇನ್ ತೆಗೆದು ಮಲ್ಟಿಮೀಟರಿನಲ್ಲಿ ನೋಡಿದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು.

ಆರ್‌ಸಿಸಿಬಿಯ ಟಿ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ. ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ; ಗುಂಡಿ ಹೇಗಿದೆ ಎಂದು ಅದು ಹೇಳುವುದಿಲ್ಲ. ಅಕ್ಕ ಅಮಾವಾಸ್ಯೆಯ ದಿನ ಒತ್ತುತ್ತಾಳೆ, ಹಾಗಾದರೆ ಮರೆಯುವುದಿಲ್ಲವಂತೆ. ಗುಂಡಿಯನ್ನು ನಾನು ಅಳೆಯಲು ಹೋಗುವುದು ಏಪ್ರಿಲ್‌ನಲ್ಲಿ, ನೆಲ ಅತಿ ಒಣಗಿದ ಹೊತ್ತಿಗೆ. ಈ ವರ್ಷ ದಾಸವಾಳದ ಸಾಲಿನ ಕೆಳಗಿನ ಪಟ್ಟಿ 71 ಓಮ್ ತೋರಿಸಿತು. ಭಾವ ಈಗ ಬರಿಗಾಲಲ್ಲಿ ಸ್ನಾನ ಮಾಡುತ್ತಾರೆ.